ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು

ಮುಂಡರಗಿ, ಶಿರಹಟ್ಟಿ ಕಡೆಯ ತುಂಗಭದ್ರೆಯ ದಂಡೆಯಲ್ಲಾಗಲಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಸುತ್ತಿನ ತೋಟಗಳಲ್ಲಾಗಲಿ ಡೀಸೆಲ್ ಎಂಜಿನ್ನಿನ ಸದ್ದು ಕೇಳದ ರೈತರಿಲ್ಲ. ಆ ಹೆಸರು ಮೊದಲು ಎಣ್ಣೆಯದಲ್ಲ, ಒಬ್ಬ ಮನುಷ್ಯನದು ಎಂಬುದು ಮಾತ್ರ ಹಲವರಿಗೆ ತಿಳಿದಿರಲಿಕ್ಕಿಲ್ಲ.

ರುಡಾಲ್ಫ್ ಡೀಸೆಲ್ ಅವರು 1858ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದರು. ತಂದೆ ಜರ್ಮನಿಯ ಬವೇರಿಯಾ ಮೂಲದವರು. ಚರ್ಮದ ಸಾಮಾನು ಮಾಡುವ ಕಸುಬು. 1870ರ ಯುದ್ಧದಿಂದ ಕುಟುಂಬವು ಊರು ಬಿಡಬೇಕಾಯಿತು. ಹನ್ನೆರಡು ವರ್ಷದ ಹುಡುಗ ಔಗ್ಸ್‌ಬರ್ಗ್‌ನ ಬಂಧುಗಳ ಮನೆ ಸೇರಿದನು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಕಲಿತನು.

ಆಗಿನ ಉಗಿಯಂತ್ರಗಳು ಉರುವಲಿನ ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲನ್ನಷ್ಟೇ ಕೆಲಸಕ್ಕೆ ಕೊಡುತ್ತಿದ್ದವು. ಈ ನಷ್ಟ ತಪ್ಪಿಸುವುದೇ ಡೀಸೆಲ್ಲರ ಹಂಬಲವಾಯಿತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದಿಲ್ಲವೇ? ಹಾಗೆಯೇ ಗಾಳಿಯನ್ನು ಬಲವಾಗಿ ಅದುಮಿ ಕಾಯಿಸಿ, ಅದರಲ್ಲಿ ಎಣ್ಣೆ ಚಿಮ್ಮಿಸಿದರೆ ಕಿಡಿಯಿಲ್ಲದೆ ಉರಿ ಹತ್ತುತ್ತದೆ ಎಂಬುದು ಅವರ ವಿಚಾರ.

1893ರ ಆಗಸ್ಟ್ 10ರಂದು ಔಗ್ಸ್‌ಬರ್ಗ್‌ನಲ್ಲಿ ಮೊದಲ ಪರೀಕ್ಷೆ ನಡೆಯಿತು. ಉರಿ ಹತ್ತಿತು, ಆದರೆ ಒಮ್ಮೆಲೇ ಸ್ಫೋಟವಾಗಿ ಒತ್ತಡ ಅಳೆಯುವ ಸಾಧನ ಸಿಡಿದುಹೋಯಿತು. 1894ರ ಫೆಬ್ರುವರಿಯಲ್ಲಿ ಎಂಜಿನ್ನು ಸುಮಾರು ಒಂದು ನಿಮಿಷ ತಾನಾಗಿ ಓಡಿತು. 1897ರಲ್ಲಿ ಪ್ರಾಧ್ಯಾಪಕ ಶ್ರೋಟರ್ ಪರೀಕ್ಷಿಸಿದಾಗ ಶಾಖದ ಶೇಕಡಾ 26ರಷ್ಟು ಕೆಲಸಕ್ಕೆ ಬಂದಿತು.

ಇಂದಿಗೂ ನಮ್ಮ ಎಂಜಿನ್ನು ಅತಿಯಾಗಿ ಬಡಿಯುವುದಕ್ಕೆ ಒಂದು ಕಾರಣ ಇಂಥದೇ. ಎಣ್ಣೆ ಬೇಗ ಬಿದ್ದರೆ, ಇಲ್ಲವೆ ನಾಝಲ್ ತೊಟ್ಟಿಕ್ಕಿದರೆ, ಕೂಡಿಕೊಂಡ ಎಣ್ಣೆ ಒಮ್ಮೆಲೇ ಹೊತ್ತಿ ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ಗುರುತಿಸಲು ಉಪಾಯವಿದೆ. ಬಿಸಿಯಾದ ಎಂಜಿನ್ನಿಗೆ ಎಣ್ಣೆ ನಿಲ್ಲಿಸಿರಿ. ಚಕ್ರ ಇನ್ನೂ ತಿರುಗುತ್ತಿರುವಾಗಲೇ ಬಡಿತ ನಿಂತರೆ ದೋಷ ಹೆಚ್ಚಾಗಿ ನಾಝಲ್ಲಿನದು ಅಥವಾ ಎಣ್ಣೆ ಬೀಳುವ ಹೊತ್ತಿನದು. ನಿಲ್ಲದಿದ್ದರೆ ಬೇರಿಂಗ್, ಪಿಸ್ಟನ್ ಪಿನ್, ಫ್ಲೈವೀಲಿನ ಕೀಲಿಗಳನ್ನು ನೋಡಿಸಿರಿ. ಕೀಲಿ ಸಡಿಲವಾಗಿದ್ದರೆ ಓಡಿಸಲೇಬಾರದು. ಮೈಯೆಲ್ಲ ನಡುಗುತ್ತಿದ್ದರೆ ಮೊದಲು ಅಡಿಪಾಯದ ಬೋಲ್ಟು ಬಿಗಿ ಮಾಡಿ, ಪಂಪಿನ ಜೋಡಣೆ ನೇರವಿದೆಯೇ ನೋಡಿರಿ. ಚಿಮ್ಮುವ ನಾಝಲ್ಲಿನ ಮುಂದೆ ಕೈ ಒಡ್ಡಬಾರದು. ಎಣ್ಣೆ ಚರ್ಮವನ್ನೇ ತೂರಿ ಒಳಹೊಗುತ್ತದೆ.

ಶೇಂಗಾ ಬೆಳೆಯುವ ನಮಗೆ ಇನ್ನೊಂದು ಸಂಗತಿ ಹಿತವೆನಿಸೀತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಸಸ್ಯದ ಎಣ್ಣೆಗೆ ಮುಂದೆ ಬೆಲೆ ಬಂದೀತೆಂದು ಡೀಸೆಲ್ಲರು ನಂಬಿದ್ದರು.

ಎಂಜಿನ್ನು ಜಗತ್ತಿಗೆ ಒದಗಿತು. ಅವರಿಗೆ ಮಾತ್ರ ಸಾಲ, ಅನಾರೋಗ್ಯ ಉಳಿದವು. 1913ರ ಸೆಪ್ಟೆಂಬರ್ 29ರ ರಾತ್ರಿ, ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವರು ಕಾಣೆಯಾದರು. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಸಿಕ್ಕ ಶವದ ಮೇಲಿನ ವಸ್ತುಗಳನ್ನು ಮಗ ಗುರುತಿಸಿದನು. ಸಾವಿನ ಕಾರಣ ಇಂದಿಗೂ ನಿಶ್ಚಯವಾಗಿಲ್ಲ.

ಆ ಮನುಷ್ಯ ನಾಲ್ಕು ವರ್ಷ ಪಟ್ಟ ಪಾಡಿನ ಫಲ ನಮ್ಮ ತೋಟದಲ್ಲಿದೆ. ಅದರ ಸದ್ದು ಬದಲಾದ ದಿನವೇ ನಿಲ್ಲಿಸಿ ನೋಡಿದರೆ ಸಣ್ಣ ಖರ್ಚು. ಪೀಕು ಒಣಗುವ ಹೊತ್ತಿಗೆ ಕ್ರ್ಯಾಂಕ್ ಮುರಿದರೆ ದೊಡ್ಡ ನಷ್ಟ.