ಮಕ್ಕಳ ಕಥೆ ಬರೆದ ಗಣಿತದ ಮೇಷ್ಟರು

ಈ ವರ್ಷ ನಮ್ಮ ಇಂಗ್ಲಿಷ್ ತರಗತಿಗೆ ಪಠ್ಯವಾಗಿ ಬಂದದ್ದು ಮಕ್ಕಳ ಕಥೆಯೊಂದು. ಬಿಳಿಯ ಮೊಲವೊಂದು ಜೇಬಿನಿಂದ ಗಡಿಯಾರ ತೆಗೆದು ನೋಡಿಕೊಂಡು ಓಡುತ್ತದೆ. ಅದರ ಬೆನ್ನು ಹತ್ತಿದ ಹುಡುಗಿಯೊಬ್ಬಳು ಬಿಲದೊಳಕ್ಕೆ ಬಿದ್ದು, ಒಮ್ಮೆ ಬೆರಳುದ್ದವಾಗಿ ಒಮ್ಮೆ ಮರದುದ್ದವಾಗಿ, ಮಾತನಾಡುವ ಪ್ರಾಣಿಗಳ ನಡುವೆ ಅಲೆಯುತ್ತಾಳೆ. ಬಿ.ಎ. ತರಗತಿಯಲ್ಲಿ ಕುಳಿತವರಿಗೆ ಇದೆಂಥ ಪಾಠವೆಂದು ನಮ್ಮಲ್ಲಿ ಅನೇಕರು ಮುಖ ಸಿಂಡರಿಸಿದರು. ಪಟ್ಟಣದ ಕಾನ್ವೆಂಟುಗಳಿಂದ ಬಂದ ಕೆಲವರಂತೂ ಇದನ್ನು ಐದನೆಯ ತರಗತಿಯಲ್ಲಿಯೇ ಓದಿ ಮುಗಿಸಿದ್ದೇವೆಂದು ಪುಸ್ತಕವನ್ನು ಬೆಂಚಿನ ಕೆಳಗೆ ತಳ್ಳಿಬಿಟ್ಟರು.

ನಾನು ಬಾಶೆಟ್ಟಿಹಳ್ಳಿಯವನು, ಕನ್ನಡ ಶಾಲೆಯಲ್ಲಿ ಓದಿದವನು. ಒಂದು ಮಗ್ಗುಲಲ್ಲಿ ಕಾರ್ಖಾನೆಗಳ ಸೈರನ್ನು, ಇನ್ನೊಂದು ಮಗ್ಗುಲಲ್ಲಿ ದೊಡ್ಡಬಳ್ಳಾಪುರದ ಮಗ್ಗಗಳ ಸದ್ದು. ಇವೆರಡರ ನಡುವೆ ಬೆಳೆದ ನಮಗೆ ಇಂಗ್ಲಿಷೆಂದರೆ ಕಾರ್ಖಾನೆಯ ಗೇಟಿನ ಬಳಿ ನಿಂತು ಅರ್ಜಿ ತುಂಬುವ ಭಾಷೆ, ಸಂದರ್ಶನದಲ್ಲಿ ನಾಲಿಗೆ ಒಣಗಿಸುವ ಭಾಷೆ, ಮಾರ್ಕು ಕಳೆಯುವ ಭಾಷೆ. ಅದರಲ್ಲಿ ಆಟವನ್ನೂ ಆಡಬಹುದೆಂಬುದು ನನಗೆ ಹೊಸ ಸುದ್ದಿಯಾಗಿತ್ತು. ಇದರ ಮೇಲೆ ಇನ್ನೊಂದು ಪ್ರಸಂಗವೂ ನಡೆಯಿತು. ಒಬ್ಬೊಬ್ಬರಾಗಿ ಎದ್ದು ನಿಂತು ಪುಟ ಓದುವಾಗ ನನ್ನ ಪಕ್ಕದ ಗೆಳೆಯನ ಸರದಿ ಬಂತು. ಅವನಿಗೆ ಉಗ್ಗು. ಮೊದಲ ಮಾತೇ ಗಂಟಲಲ್ಲಿ ಸಿಕ್ಕಿಕೊಂಡಿತು. ಹಿಂದಿನ ಬೆಂಚಿನಿಂದ ನಗೆ ಎದ್ದಿತು. ನಮ್ಮ ಅಧ್ಯಾಪಕರು ಯಾರನ್ನೂ ಗದರಿಸಲಿಲ್ಲ. ಈ ಪುಸ್ತಕ ಬರೆದಾತನಿಗೂ ಉಗ್ಗಿತ್ತು ಎಂದಷ್ಟೇ ಹೇಳಿ ಪಾಠ ಮುಂದುವರಿಸಿದರು. ಆ ಒಂದು ಮಾತು ನನ್ನನ್ನು ಪುಸ್ತಕ ಭಂಡಾರಕ್ಕೆ ಎಳೆದೊಯ್ದಿತು. ಅಲ್ಲಿ ಓದಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಲೂಯಿಸ್ ಕ್ಯಾರಲ್ ಎಂಬುದು ಕಾವ್ಯನಾಮ. ಹೆತ್ತವರಿಟ್ಟ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ, 1832ನೆಯ ಇಸವಿ ಜನವರಿ 27ರಂದು ಅವರು ಹುಟ್ಟಿದರು. ತಂದೆ ಅಲ್ಲಿಯ ಪಾದ್ರಿ. ಮನೆಯಲ್ಲಿ ಹನ್ನೊಂದು ಮಂದಿ ಮಕ್ಕಳು. ಇವರು ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ದೊಡ್ಡ ಸಂಸಾರದ ಹಿರಿಯ ಮಗನ ಪಾಡು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ತಮ್ಮ ತಂಗಿಯರನ್ನು ಸಂತೈಸುವ ಕೆಲಸ ತಾನಾಗಿ ಹೆಗಲಿಗೆ ಬಂತು. 1843ರಲ್ಲಿ ಸಂಸಾರವು ಯಾರ್ಕ್‌ಷೈರಿನ ಕ್ರಾಫ್ಟ್ ಎಂಬಲ್ಲಿಗೆ ಹೋದ ಮೇಲೆ, ಚಾರ್ಲ್ಸ್ ಮನೆಯ ಮಕ್ಕಳಿಗಾಗಿ ಸೂತ್ರದ ಬೊಂಬೆಯಾಟ ಕಟ್ಟಿದರು, ತೋಟದಲ್ಲಿ ಆಟದ ರೈಲು ನಡೆಸಿದರು, ಕೈಬರಹದ ಪತ್ರಿಕೆಗಳನ್ನು ಹೊರಡಿಸಿದರು. ಮುಂದೆ ಬಂದ ಗ್ರಂಥಕರ್ತನಿಗೆ ಈ ಮನೆಯೇ ಮೊದಲ ಪಾಠಶಾಲೆಯೆಂದು ನನ್ನ ಅಭಿಪ್ರಾಯ.

ಬಾಲ್ಯದಲ್ಲಿ ಬಂದ ಜ್ವರದಿಂದ ಅವರ ಬಲಗಿವಿ ಮಂದವಾಯಿತು. ಉಗ್ಗು ಚಿಕ್ಕಂದಿನಿಂದಲೇ ಇತ್ತು. ಒಡಹುಟ್ಟಿದವರಲ್ಲಿಯೂ ಹಲವರಿಗೆ ಇತ್ತು. ರಿಚ್ಮಂಡಿನಲ್ಲಿ ಓದಿದ ಮೇಲೆ 1846ರಲ್ಲಿ ಹೆಸರಾಂತ ರಗ್ಬಿ ಶಾಲೆಯನ್ನು ಸೇರಿದರು. ಅಲ್ಲಿ ಬಹುಮಾನಗಳು ಬಂದವು, ಸುಖವು ಬರಲಿಲ್ಲ. ಆ ಮೂರು ವರ್ಷಗಳನ್ನು ಮತ್ತೆ ಅನುಭವಿಸಲು ಅವರು ಎಂದೂ ಇಷ್ಟಪಡಲಿಲ್ಲ. 1851ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ವಾಸಕ್ಕೆ ಬಂದು ಎರಡು ದಿನವಾಗಿತ್ತು, ಅಷ್ಟರಲ್ಲಿ ತಾಯಿ ತೀರಿಕೊಂಡ ವಾರ್ತೆ ಬಂತು. 1854ರಲ್ಲಿ ಗಣಿತದಲ್ಲಿ ಪ್ರಥಮ ದರ್ಜೆ ಪಡೆದರು. ಮರುವರ್ಷ ಅದೇ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರಾದರು. 1881ರವರೆಗೆ ಆ ಕೆಲಸದಲ್ಲಿದ್ದರು. ಅವರ ಪಾಠ ನೀರಸವಾಗಿತ್ತೆಂದು ಶಿಷ್ಯರಲ್ಲಿ ಕೆಲವರು ನೆನೆದಿದ್ದಾರೆ. ಮಕ್ಕಳೆದುರು ಅಷ್ಟು ಸರಸವಾಗಿ ಮಾತನಾಡುತ್ತಿದ್ದವರು ತರಗತಿಯಲ್ಲಿ ಕಪ್ಪು ಹಲಗೆಯಂತೆ ನಿಲ್ಲುತ್ತಿದ್ದರೆಂದರೆ ಆಶ್ಚರ್ಯವಾಗಬಹುದು. ಆದರೆ ಉಗ್ಗುಳ್ಳವನಿಗೆ ಅರವತ್ತು ಕಣ್ಣುಗಳ ಮುಂದೆ ನಿಲ್ಲುವುದು ಏನೆಂಬುದನ್ನು ನಾನು ಪಕ್ಕದಲ್ಲಿ ಕುಳಿತು ಕಂಡಿದ್ದೇನೆ.

ಆ ಕಾಲೇಜಿನ ಕಟ್ಟಳೆಯಂತೆ ಅವರು ಪಾದ್ರಿಯಾಗಬೇಕಿತ್ತು. 1861ರಲ್ಲಿ ಮೊದಲ ಮೆಟ್ಟಿಲಾದ ಡೀಕನ್ ದೀಕ್ಷೆ ಪಡೆದರು. ಪೂರ್ಣ ದೀಕ್ಷೆಯನ್ನು ಕಡೆಯವರೆಗೂ ಪಡೆಯಲಿಲ್ಲ. ವೇದಿಕೆ ಹತ್ತಿ ಉಪದೇಶ ಮಾಡಲು ಉಗ್ಗು ಅಡ್ಡವಾಯಿತೆಂಬುದು ಒಂದು ಕಾರಣವಾಗಿ ಹೇಳಲ್ಪಡುತ್ತದೆ. ಆದರೆ ಅವರು ಸುಮ್ಮನೆ ಕುಳಿತವರಲ್ಲ. ಜೇಮ್ಸ್ ಹಂಟ್ ಎಂಬ ಉಗ್ಗಿನ ಚಿಕಿತ್ಸಕರ ಬಳಿ ಹೋಗಿ ಅಭ್ಯಾಸ ಮಾಡಿದರು. ಉಗ್ಗು ಪೂರಾ ಹೋಗಲಿಲ್ಲ. ಅಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ಕಥೆಗಾರರ ಸ್ನೇಹವಾಯಿತು. ಆ ಸ್ನೇಹ ಮುಂದೆ ಫಲ ಕೊಟ್ಟುದನ್ನು ನೋಡುವಿರಿ.

ಕಾವ್ಯನಾಮ ಹುಟ್ಟಿದ್ದು 1856ರಲ್ಲಿ. ತಮ್ಮ ಹೆಸರಿನ ಮೊದಲೆರಡು ಪದಗಳನ್ನು ಲ್ಯಾಟಿನಿಗೆ ತಿರುಗಿಸಿದರು, ಕ್ಯಾರೊಲಸ್ ಲುಡೊವಿಕಸ್ ಎಂದಾಯಿತು; ಹಿಂದುಮುಂದು ಮಾಡಿ ಮತ್ತೆ ಇಂಗ್ಲಿಷಿಗೆ ತಂದರು, ಲೂಯಿಸ್ ಕ್ಯಾರಲ್ ಆಯಿತು. ಹೆಸರಿನಲ್ಲಿಯೂ ಲೆಕ್ಕದವರ ಕೈಚಳಕ! ಅದೇ ವರ್ಷ ಕ್ಯಾಮೆರಾ ಒಂದನ್ನು ಕೊಂಡು, ಆಗ ಹೊಸದಾಗಿದ್ದ ಛಾಯಾಚಿತ್ರ ಕಲೆಯನ್ನು ಕಲಿತರು. 1880ರವರೆಗೆ ಅದನ್ನು ಬಿಡಲಿಲ್ಲ.

ಆಗ ಕ್ರೈಸ್ಟ್ ಚರ್ಚಿನ ಡೀನ್ ಆಗಿದ್ದವರು ಹೆನ್ರಿ ಲಿಡೆಲ್. ಗ್ರೀಕ್ ಕಲಿಯುವವರು ಇಂದಿಗೂ ಬಳಸುವ ಲಿಡೆಲ್ ಮತ್ತು ಸ್ಕಾಟರ ನಿಘಂಟು ಇವರದೇ. ಅವರ ಮಕ್ಕಳು ಲೊರಿನಾ, ಆಲಿಸ್, ಈಡಿತ್. 1862ರ ಜುಲೈ 4ರಂದು ಡಾಡ್ಜ್‌ಸನ್ನರೂ ಅವರ ಮಿತ್ರರಾದ ರಾಬಿನ್‌ಸನ್ ಡಕ್‌ವರ್ತ್ ಎಂಬ ಪಾದ್ರಿಯೂ ಈ ಮೂವರು ಹುಡುಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಥೇಮ್ಸ್ ನದಿಯ ಮೇಲೆ ಗಾಡ್‌ಸ್ಟೋ ಎಂಬ ಊರಿನ ಕಡೆಗೆ ಹುಟ್ಟು ಹಾಕಿದರು. ಆಲಿಸಳಿಗೆ ಆಗ ಹತ್ತು ವರ್ಷ. ಕಥೆ ಹೇಳಿರೆಂದು ಮಕ್ಕಳು ಕಾಡಿದರು. ಮುಂದೇನು ಎಂಬುದು ತಮಗೇ ತಿಳಿಯದೆ, ಹುಡುಗಿಯನ್ನು ಮೊಲದ ಬಿಲದೊಳಕ್ಕೆ ಇಳಿಸಿ ಡಾಡ್ಜ್‌ಸನ್ನರು ಕಥೆ ಆರಂಭಿಸಿಬಿಟ್ಟರು. ಆ ದಿನ ಬಿಸಿಲು ಹೊಳೆಯುತ್ತಿತ್ತೆಂದು ದೋಣಿಯಲ್ಲಿದ್ದವರು ಮುಂದೆ ನೆನೆದರು. ಹವಾಮಾನದ ದಾಖಲೆಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಆ ದಿನ ತಂಪು, ಮಳೆಯ ಹವೆಯೆಂದಿದೆ. ಒಳ್ಳೆಯ ಕಥೆ ಕೇಳಿದವರಿಗೆ ಮಳೆ ನೆನಪಿರುವುದಿಲ್ಲ ಎಂದುಕೊಂಡರೆ ತಪ್ಪೇನು?

ದೋಣಿಯಲ್ಲಿದ್ದವರೆಲ್ಲರೂ ಕಥೆಯೊಳಗೂ ಬಂದರು. ಬಾತುಕೋಳಿ ಡಕ್‌ವರ್ತ್; ಲೋರಿ ಎಂಬ ಗಿಳಿ ಲೊರಿನಾ; ಹದ್ದಿನ ಮರಿ ಈಡಿತ್; ಡೋಡೋ ಎಂಬ ಅಳಿದುಹೋದ ಹಕ್ಕಿ ಸ್ವತಃ ಡಾಡ್ಜ್‌ಸನ್ನರು. ಉಗ್ಗುತ್ತ ತಮ್ಮ ಹೆಸರನ್ನು ಹೇಳಿಕೊಳ್ಳುವಾಗ ಡೋ ಡೋ ಎನ್ನುತ್ತಿದ್ದುದರಿಂದ ಈ ಹೆಸರು ಬಂತೆಂಬ ಮಾತುಂಟು. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ನಿಜವಾಗಿದ್ದರೆ, ತನ್ನ ಕುಂದನ್ನು ತಾನೇ ಹಕ್ಕಿ ಮಾಡಿ ಹಾರಿಸಿದ ಆ ಮನುಷ್ಯನ ಮುಂದೆ ನಮ್ಮ ಹಿಂದಿನ ಬೆಂಚಿನ ನಗೆ ಎಷ್ಟು ಸಣ್ಣದು!

ಕಥೆಯನ್ನು ಬರೆದುಕೊಡಿರೆಂದು ಆಲಿಸ್ ಹಟ ಹಿಡಿದಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಸ್ವಂತ ಕೈಯಿಂದ ಅಚ್ಚಿನಂಥ ಅಕ್ಷರಗಳಲ್ಲಿ ಬರೆದು, 37 ಚಿತ್ರಗಳನ್ನೂ ತಾವೇ ಬಿಡಿಸಿ, 1864ರ ನವೆಂಬರಿನಲ್ಲಿ ಆ ಹಸ್ತಪ್ರತಿಯನ್ನು ಆಕೆಗೆ ಕ್ರಿಸ್ಮಸ್ ಉಡುಗೊರೆಯಾಗಿ ಕೊಟ್ಟರು. ಆಗ ಪುಸ್ತಕದ ಹೆಸರಿನಲ್ಲಿ ಅದ್ಭುತ ಲೋಕವೆಂಬ ಮಾತಿರಲಿಲ್ಲ. ನೆಲದಡಿಯಲ್ಲಿ ಆಲಿಸಳ ಸಾಹಸಗಳು ಎಂಬರ್ಥದ ಹೆಸರಿತ್ತು. ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಮಾತೊಂದಿದೆ. ನಮ್ಮ ಹಾಸ್ಯ ಸಾಹಿತಿ ನಾ. ಕಸ್ತೂರಿಯವರು ಈ ಕಥೆಯನ್ನು ಕನ್ನಡಕ್ಕೆ ತಂದು ಪಾತಾಳದಲ್ಲಿ ಪಾಪಚ್ಚಿ ಎಂದು ಕರೆದರು. ಕೇರಳದಲ್ಲಿ 1897ರಲ್ಲಿ ಹುಟ್ಟಿ, ಮಲೆಯಾಳ ಮನೆಮಾತಾಗಿದ್ದು, ಮೈಸೂರಿನಲ್ಲಿ ಅಧ್ಯಾಪಕರಾಗಿ ಕನ್ನಡವನ್ನು ಕಲಿತು, ಅದರಲ್ಲಿ ನಗಿಸಿದವರು ಅವರು. ಅನರ್ಥಕೋಶವೆಂಬ ಪುಸ್ತಕದಲ್ಲಿ ಕನ್ನಡ ಪದಗಳಿಗೆ ತಲೆಕೆಳಗಾದ ಅರ್ಥ ಬರೆದವರು. ಅದ್ಭುತ, ವಿಚಿತ್ರ ಎಂಬ ಪದಗಳನ್ನು ಬಿಟ್ಟು ಪಾತಾಳವನ್ನು ಹಿಡಿದುದರಿಂದ, ಅವರ ಹೆಸರು ಅಚ್ಚಾದ ಪುಸ್ತಕದ ಹೆಸರಿಗಿಂತ ಆ ಮೊದಲ ಹಸ್ತಪ್ರತಿಯ ಹೆಸರಿಗೇ ಹತ್ತಿರವಾಯಿತು. ಪಾಪಚ್ಚಿ ಎಂದೊಡನೆ ಆ ಬಿಳಿಯ ಹುಡುಗಿ ನಮ್ಮ ಕೇರಿಯ ಮಗುವಾಗುತ್ತಾಳೆ. ನಮ್ಮ ಅಜ್ಜಿಯರಿಗೆ ಪಾತಾಳದ ದಾರಿ ಮೊದಲೇ ಗೊತ್ತಿತ್ತು. ಅಲ್ಲಿ ಸರ್ಪಗಳಿದ್ದವು, ಇಲ್ಲಿ ಮೊಲ ಇದೆ, ಅಷ್ಟೇ ವ್ಯತ್ಯಾಸ.

ಹಸ್ತಪ್ರತಿಯನ್ನು ಮ್ಯಾಕ್‌ಡೊನಾಲ್ಡರ ಮನೆಯಲ್ಲಿ ಮಕ್ಕಳಿಗೆ ಓದಿ ಹೇಳಿದಾಗ, ಅವರ ಪುಟ್ಟ ಮಗನು ಇಂಥ ಪುಸ್ತಕದ ಅರವತ್ತು ಸಾವಿರ ಪ್ರತಿಗಳಿರಬೇಕೆಂದನಂತೆ. ಡಾಡ್ಜ್‌ಸನ್ನರಿಗೆ ಧೈರ್ಯ ಬಂತು. ನಾಲ್ಕು ಅಧ್ಯಾಯಗಳ ಕಥೆಯನ್ನು ಹನ್ನೆರಡಕ್ಕೆ ಬೆಳೆಸಿದರು. ಪಂಚ್ ಪತ್ರಿಕೆಯ ವ್ಯಂಗ್ಯಚಿತ್ರಕಾರ ಜಾನ್ ಟೆನಿಯೆಲ್ ಚಿತ್ರ ಬರೆದರು. ಮ್ಯಾಕ್‌ಮಿಲನ್ ಕಂಪನಿ ಪ್ರಕಟಿಸಿತು. ಖರ್ಚು ಮಾತ್ರ ಗ್ರಂಥಕರ್ತರದೇ. 1865ರಲ್ಲಿ 2,000 ಪ್ರತಿಗಳು ಅಚ್ಚಾದವು. ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಟೆನಿಯೆಲ್ ಆಕ್ಷೇಪಿಸಿದರು. ಸಾಮಾನ್ಯ ಮೇಷ್ಟರೊಬ್ಬರ ಸಂಬಳದಲ್ಲಿ ಅದೇನು ಸಣ್ಣ ನಷ್ಟವೆ? ಆದರೂ ಡಾಡ್ಜ್‌ಸನ್ನರು ಅಷ್ಟನ್ನೂ ಹಿಂದೆಗೆದುಕೊಂಡು, ಹಂಚಿದ್ದ ಪ್ರತಿಗಳನ್ನು ಮಿತ್ರರಿಂದ ವಾಪಸು ಬೇಡಿ, ಬೇರೆ ಮುದ್ರಣಾಲಯದಲ್ಲಿ ಮತ್ತೆ ಅಚ್ಚು ಹಾಕಿಸಿದರು. ಕಟ್ಟದೆ ಉಳಿದಿದ್ದ ಹಾಳೆಗಳು ನ್ಯೂಯಾರ್ಕಿನ ಪ್ರಕಾಶಕರೊಬ್ಬರಿಗೆ ಮಾರಾಟವಾದವು. ಅಂದು ಬೇಡವೆನಿಸಿದ ಆ ಮೊದಲ ಮುದ್ರಣದ ಪ್ರತಿಗಳಲ್ಲಿ ಉಳಿದ ಕೆಲವೇ ಕೆಲವು ಇಂದು ಅಪಾರ ಬೆಲೆ ಬಾಳುತ್ತವೆ.

ನಮ್ಮ ತರಗತಿಯಲ್ಲಿ ಕಷ್ಟವಾದದ್ದು ಇದರೊಳಗಿನ ಪದ್ಯಗಳು. ಇಂಗ್ಲೆಂಡಿನ ಮಕ್ಕಳು ಐಸಾಕ್ ವಾಟ್ಸ್, ರಾಬರ್ಟ್ ಸೌದಿ ಮುಂತಾದವರ ನೀತಿಪದ್ಯಗಳನ್ನು ಬೆತ್ತದ ಭಯದಿಂದ ಬಾಯಿಪಾಠ ಮಾಡುತ್ತಿದ್ದ ಕಾಲವದು. ಡಾಡ್ಜ್‌ಸನ್ನರು ಶ್ರಮಜೀವಿಯಾದ ಜೇನ್ನೊಣವಿದ್ದ ಜಾಗದಲ್ಲಿ ಬಾಯಿ ತೆರೆದು ಮೀನು ನುಂಗುವ ಮೊಸಳೆಯನ್ನು ಕೂರಿಸಿದರು. ಮೂಲಪದ್ಯ ಗೊತ್ತಿಲ್ಲದ ನಮಗೆ ನಗು ಬರಲಿಲ್ಲ. ಆದರೆ ಶ್ಲೇಷೆಗಳು ಹಾಗಲ್ಲ. ಇಲಿಯು ತನ್ನ ಕಥೆ ಹೇಳುತ್ತೇನೆಂದರೆ ಆಲಿಸಳಿಗೆ ಅದರ ಬಾಲದ ಮಾತೆಂದು ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಕಥೆಗೂ ಬಾಲಕ್ಕೂ ಟೇಲ್ ಎಂದೇ ಉಚ್ಚಾರ, ಕಾಗುಣಿತ ಮಾತ್ರ ಬೇರೆ. ಒಂದೇ ಸದ್ದಿಗೆ ಎರಡು ಬರಹವೆಂಬುದು ನಮಗೆ ಬಾಲ್ಯದಿಂದ ಏಟು ತಿನ್ನಿಸಿದ ವಿಷಯ. ಅದೇ ಗೊಂದಲವನ್ನು ಇಂಗ್ಲಿಷಿನವನೇ ಎತ್ತಿ ಆಡಿಸಿದುದನ್ನು ಕಂಡು ನಮ್ಮ ಬೆಂಚು ಮೊದಲ ಬಾರಿಗೆ ಮನಸಾರೆ ನಕ್ಕಿತು.

ಮುಂದಿನ ಬಾಳನ್ನು ಬೇಗ ಹೇಳಿಬಿಡಬಹುದು. ಕನ್ನಡಿಯೊಳಕ್ಕೆ ಆಲಿಸ್ ಹೋಗುವ ಎರಡನೆಯ ಕಥೆ 1871ರ ಕೊನೆಯಲ್ಲಿ ಬಂತು. ಸ್ನಾರ್ಕ್ ಎಂಬ ಇಲ್ಲದ ಪ್ರಾಣಿಯ ಬೇಟೆಯ ಕಾವ್ಯ 1876ರಲ್ಲಿ ಬಂತು. ಯೂಕ್ಲಿಡನ ರೇಖಾಗಣಿತವನ್ನು ಸಮರ್ಥಿಸಿ 1879ರಲ್ಲಿ ಒಂದು ಗ್ರಂಥ, 1896ರಲ್ಲಿ ತರ್ಕಶಾಸ್ತ್ರದ ಇನ್ನೊಂದು ಗ್ರಂಥ ಬರೆದರು. ಹೆಣ್ಣುಮಕ್ಕಳ ಶಾಲೆಗೆ ಹೋಗಿ ತರ್ಕ ಕಲಿಸಿದರು. ಆಲಿಸಳ ಕಥೆಗೆ ಮೆಚ್ಚಿದ ವಿಕ್ಟೋರಿಯಾ ರಾಣಿ ಮುಂದಿನ ಪುಸ್ತಕವನ್ನೂ ಕಳುಹಿಸೆನ್ನಲು ಗಣಿತದ ಗ್ರಂಥ ಹೋಯಿತೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳೆಂದು ಡಾಡ್ಜ್‌ಸನ್ನರೇ ಅಚ್ಚಿನಲ್ಲಿ ತಿಳಿಸಿದ್ದಾರೆ. ಕಳುಹಿಸಿದ, ಬಂದ ಪತ್ರಗಳಿಗೆಲ್ಲ 1861ರಿಂದ ಒಂದು ದಾಖಲೆ ಇಟ್ಟಿದ್ದರು. ಅದರ ಕಡೆಯ ಸಂಖ್ಯೆ 98,721.

ಅವರು 1879ರಲ್ಲಿ ಒಂದು ಪತ್ರಿಕೆಯ ಮೂಲಕ ಹರಡಿದ ಪದದಾಟವೊಂದಿದೆ. ಒಂದು ಪದದಲ್ಲಿ ಪ್ರತಿ ಸಲವೂ ಒಂದೇ ಅಕ್ಷರ ಬದಲಿಸುತ್ತ, ನಡುವೆ ಅರ್ಥವಿಲ್ಲದ ಪದ ಬಾರದಂತೆ, ಇನ್ನೊಂದು ಪದವನ್ನು ಮುಟ್ಟಬೇಕು. ರಾಜಾನುಕುಂಟೆ ಯಲಹಂಕಗಳ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ನಿಂತೇ ನಾನು ಇದನ್ನು ಕನ್ನಡದಲ್ಲಿ ಆಡಿ ನೋಡಿದೆ. ಹಸು, ಹಸಿ, ಹುಸಿ, ಹುಲಿ: ಮೂರೇ ಹೆಜ್ಜೆಗೆ ಹಸು ಹುಲಿಯಾಯಿತು. ಗೋವಿನ ಕಥೆ ಕೇಳಿ ಬೆಳೆದವರು ಒಪ್ಪುವರೋ ಇಲ್ಲವೋ ತಿಳಿಯದು.

ಒಂದು ವಿಷಯವನ್ನು ಮುಚ್ಚಿಡಬಾರದು. ಡಾಡ್ಜ್‌ಸನ್ನರು ಮದುವೆಯಾಗಲಿಲ್ಲ; ಅವರ ಗೆಳೆತನವೆಲ್ಲ ಬಹುಪಾಲು ಮಕ್ಕಳೊಡನೆ ಎಂಬಂತಿತ್ತು, ಮಕ್ಕಳ ಛಾಯಾಚಿತ್ರಗಳನ್ನು ಬಹಳವಾಗಿ ತೆಗೆದರು. 1863ರ ಜೂನಿನಲ್ಲಿ ಲಿಡೆಲ್ ಮನೆಗೂ ಅವರಿಗೂ ಬಿರುಕು ಬಿತ್ತು. ಆ ದಿನಗಳ ದಿನಚರಿಯ ಹಾಳೆಯನ್ನು ಯಾರೋ ಕತ್ತರಿಸಿದ್ದಾರೆ. ಹದಿಮೂರು ಸಂಪುಟಗಳಲ್ಲಿ ನಾಲ್ಕು ಸಿಕ್ಕಿಲ್ಲ. ಈಚಿನ ವಿಮರ್ಶಕರು ಈ ಸ್ನೇಹಗಳ ಬಗೆಗೆ ಸಂಶಯವೆತ್ತಿದ್ದಾರೆ, ಬೇರೆ ಕೆಲವರು ಅದನ್ನು ಅಲ್ಲಗಳೆದಿದ್ದಾರೆ. ಹರಿದ ಹಾಳೆಯ ಮೇಲೆ ತೀರ್ಪು ಬರೆಯಲು ನಾನು ಸಿದ್ಧನಿಲ್ಲ. ಹಾಗೆಂದು ಹಾಳೆ ಹರಿದಿಲ್ಲವೆಂದು ನಟಿಸುವುದೂ ಸರಿಯಲ್ಲ.

1868ರಲ್ಲಿ ತಂದೆ ತೀರಿಕೊಂಡ ಮೇಲೆ, ಮದುವೆಯಿಲ್ಲದೆ ಉಳಿದಿದ್ದ ಅಕ್ಕತಂಗಿಯರಿಗಾಗಿ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ಮನೆ ಮಾಡಿಕೊಟ್ಟಿದ್ದರು. ಕ್ರಿಸ್ಮಸ್ ಕಳೆಯಲು ಅಲ್ಲಿಗೆ ಬಂದವರಿಗೆ ನೆಗಡಿ ಜ್ವರ ಹಿಡಿದು ಶ್ವಾಸಕೋಶಕ್ಕೆ ಇಳಿಯಿತು. 1898ರ ಜನವರಿ 14ರಂದು, ಅರವತ್ತಾರು ತುಂಬಲು ಹದಿಮೂರು ದಿನವಿರುವಾಗ, ಪ್ರಾಣ ಬಿಟ್ಟರು. ಸಮಾಧಿಯೂ ಆ ಊರಿನಲ್ಲಿಯೇ ಇದೆ.

ಆಲಿಸ್ 1880ರಲ್ಲಿ ರೆಜಿನಾಲ್ಡ್ ಹಾರ್‌ಗ್ರೀವ್ಸ್ ಎಂಬವರನ್ನು ಮದುವೆಯಾಗಿದ್ದಳು. ಮೂವರು ಗಂಡುಮಕ್ಕಳಲ್ಲಿ ಇಬ್ಬರು ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ಗಂಡನೂ ಹೋದ ಮೇಲೆ, 1928ರಲ್ಲಿ ಆಕೆ ತನ್ನ ಹಸ್ತಪ್ರತಿಯನ್ನು ಹರಾಜಿಗಿಟ್ಟಳು. 15,400 ಪೌಂಡಿಗೆ ಅದು ಅಮೆರಿಕದ ಪಾಲಾಯಿತು. 1932ರಲ್ಲಿ, ಡಾಡ್ಜ್‌ಸನ್ನರ ಜನ್ಮಶತಾಬ್ದಿಗೆಂದು, ಎಂಬತ್ತರ ಮುದುಕಿಯಾಗಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ಪಡೆದಳು, 1934ರಲ್ಲಿ ತೀರಿಕೊಂಡಳು. ಹಿಟ್ಲರನೆದುರು ಬ್ರಿಟನ್ ನಿಂತ ಧೈರ್ಯಕ್ಕೆ ಕಾಣಿಕೆಯಾಗಿ ಅಮೆರಿಕದ ಕೆಲವು ಹಿತೈಷಿಗಳು ಆ ಹಸ್ತಪ್ರತಿಯನ್ನು ಹಣ ಕೂಡಿಸಿ ಕೊಂಡು, 1948ರಲ್ಲಿ ಹಡಗಿನಲ್ಲಿ ತಂದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.