ಪರರಿಗೆ ಮನೆ ಕಟ್ಟಿಸಿದ ಜಾರ್ಜ್ ಪೀಬಾಡಿ

ಹಣ ಗಳಿಸುವುದೊಂದು ವಿದ್ಯೆ. ಗಳಿಸಿದ ಹಣವನ್ನು ತಕ್ಕವರಿಗೆ ತಲುಪುವಂತೆ ಕೊಡುವುದು ಮತ್ತೊಂದು ವಿದ್ಯೆ. ಮೊದಲನೆಯದನ್ನು ಬಲ್ಲವರು ಲೋಕದಲ್ಲಿ ಅನೇಕರಿದ್ದಾರೆ. ಎರಡನೆಯದನ್ನು ಬಲ್ಲವರು ವಿರಳ. ಎರಡನ್ನೂ ಕಲಿತು, ಎರಡನೆಯದರಲ್ಲಿ ಗೆಲುವಿನೊಡನೆ ಕೊಂಚ ಸೋಲನ್ನೂ ಕಂಡ ಒಬ್ಬ ಮಹನೀಯನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ. ಆತನೇ ಜಾರ್ಜ್ ಪೀಬಾಡಿ.

1795ನೆಯ ಇಸವಿ ಫೆಬ್ರವರಿ 18ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ದಕ್ಷಿಣ ಡ್ಯಾನ್ವರ್ಸ್‌ನಲ್ಲಿ ಒಂದು ಬಡ ಕುಟುಂಬದಲ್ಲಿ ಪೀಬಾಡಿ ಜನಿಸಿದನು. ಮನೆಯಲ್ಲಿ ಮಕ್ಕಳು ಹೆಚ್ಚು, ವರಮಾನ ಕಡಮೆ. ಆತನಿಗೆ ದೊರೆತ ಶಾಲಾ ವಿದ್ಯಾಭ್ಯಾಸವೆಲ್ಲ ಸೇರಿ ಸುಮಾರು ನಾಲ್ಕು ವರ್ಷ ಮಾತ್ರ. ಹನ್ನೊಂದನೆಯ ವಯಸ್ಸಿನಲ್ಲಿ ಪುಸ್ತಕವನ್ನು ಮುಚ್ಚಿಟ್ಟು ಊರಿನ ದಿನಸಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತನು. 1811ರಲ್ಲಿ ತಂದೆ ಸಾಲವನ್ನುಳಿಸಿ ತೀರಿಕೊಂಡನು. ಅದೇ ವರ್ಷ, ಹುಡುಗನು ಅಣ್ಣನ ಅಂಗಡಿಯಲ್ಲಿ ದುಡಿಯುತ್ತಿದ್ದ ನ್ಯೂಬರಿಪೋರ್ಟ್ ಪಟ್ಟಣವು ಬೆಂಕಿಗೆ ತುತ್ತಾಯಿತು. ಹದಿನಾರರ ಹರೆಯದಲ್ಲಿ ಆತನ ಪಾಲಿಗೆ ಉಳಿದದ್ದು ಎರಡು ಕೈಗಳು ಮತ್ತು ತಾಯಿ, ತಮ್ಮ ತಂಗಿಯರ ಹೊಣೆ.

ಚಿಕ್ಕಪ್ಪನೊಬ್ಬನ ಜೊತೆಯಲ್ಲಿ ದಕ್ಷಿಣಕ್ಕೆ ಹೊರಟು ಜಾರ್ಜ್‌ಟೌನ್‌ನಲ್ಲಿ ವ್ಯಾಪಾರಕ್ಕಿಳಿದನು. ಅಲ್ಲಿ ಎಲಿಷಾ ರಿಗ್ಸ್ ಎಂಬ ವರ್ತಕನು ಈ ಯುವಕನ ಪ್ರಾಮಾಣಿಕತೆಯನ್ನು ಮೆಚ್ಚಿ ಜವಳಿ ವ್ಯಾಪಾರದಲ್ಲಿ ಪಾಲುಗಾರನನ್ನಾಗಿ ಮಾಡಿಕೊಂಡನು. ವ್ಯಾಪಾರವು ಬಾಲ್ಟಿಮೋರ್ ನಗರಕ್ಕೆ ಬಂದು ಬೆಳೆಯಿತು. ಕೈಗೆ ನಾಲ್ಕು ಕಾಸು ಸೇರಿದೊಡನೆ ಪೀಬಾಡಿ ಮಾಡಿದ ಮೊದಲ ಕೆಲಸವೆಂದರೆ, ಅಡವಿಗೆ ಬಿದ್ದಿದ್ದ ತಂದೆಯ ಮನೆಯನ್ನು ಬಿಡಿಸಿ ತಾಯಿಯನ್ನು ಮತ್ತೆ ಅಲ್ಲಿರಿಸಿದುದು. ಮನೆಯೆಂಬುದು ಕೈತಪ್ಪಿದರೆ ಬಾಳು ಹೇಗಾಗುವುದೆಂಬುದನ್ನು ಆತನು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ.

1827ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದ ಪೀಬಾಡಿ 1837ರಲ್ಲಿ ಲಂಡನ್ನಿನಲ್ಲಿಯೇ ನೆಲೆಸಿ, ಕ್ರಮೇಣ ಲೇವಾದೇವಿಯ ದೊಡ್ಡ ಸಂಸ್ಥೆಯನ್ನು ಕಟ್ಟಿದನು. ಮೇರಿಲೆಂಡ್ ಸಂಸ್ಥಾನವು ಕಷ್ಟದಲ್ಲಿದ್ದಾಗ ಅದರ ಸಾಲಪತ್ರಗಳನ್ನು ಮಾರಿಸಿಕೊಟ್ಟು, ತನಗೆ ಬರಬೇಕಾಗಿದ್ದ ದಳ್ಳಾಳಿಯನ್ನು ಬೇಡವೆಂದನು. 1851ರ ಮಹಾ ವಸ್ತುಪ್ರದರ್ಶನದಲ್ಲಿ ಅಮೆರಿಕದ ವಿಭಾಗಕ್ಕೆ ಹಣವಿಲ್ಲದೆ ಮಾನ ಹೋಗುವ ಹೊತ್ತು ಬಂದಾಗ 15,000 ಡಾಲರು ಸಾಲ ಕೊಟ್ಟು ಕಾಪಾಡಿದನು. 1857ರ ಹಣಕಾಸಿನ ಮುಗ್ಗಟ್ಟಿನಲ್ಲಿ ಆತನ ಸಂಸ್ಥೆಯೇ ಮುಳುಗುವುದರಲ್ಲಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡಿನ ನೆರವಿನಿಂದ ದಡ ಸೇರಿತು. ಇಷ್ಟು ದೊಡ್ಡ ಸಾಹುಕಾರನಾದರೂ ಮದುವೆಯಾಗಲಿಲ್ಲ, ಆಡಂಬರಕ್ಕೆ ಮನಸೋಲಲಿಲ್ಲ. ತನ್ನ ಖರ್ಚಿನಲ್ಲಿ ಆತನು ಬಹಳ ಬಿಗಿ, ಜಿಪುಣನೆಂದವರೂ ಉಂಟು.

ಆಗಿನ ಲಂಡನ್ ಲೋಕದ ಅತ್ಯಂತ ಶ್ರೀಮಂತ ನಗರ; ಅದರ ಒಡಲಿನಲ್ಲಿಯೇ ಘೋರ ದಾರಿದ್ರ್ಯ. ಬಂದರಿನಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯಲು ಬಂದ ಜನ ಕೆಲಸದ ಹತ್ತಿರವೇ ಇರಬೇಕಾಗಿತ್ತು. ರೈಲುದಾರಿಗಳಿಗಾಗಿ ಕೆಡವುತ್ತಿದ್ದುದು ಬಡವರ ಮನೆಗಳನ್ನೇ. ಬೀದಿಗೆ ಬಿದ್ದವರು ಪಕ್ಕದ ಕೇರಿಗಳಲ್ಲಿ ತುಂಬಿಕೊಂಡರು. ಒಂದೇ ಕೋಣೆಯಲ್ಲಿ ಒಂದು ಸಂಸಾರ, ಕೆಲವೆಡೆ ಎರಡು. ಕೊಳಕು ನೀರಿನ ಮೂಲಕ ಹರಡುವ ಕಾಲರಾ 1849ರಲ್ಲಿಯೂ 1854ರಲ್ಲಿಯೂ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ತನಗೆ ಆಶ್ರಯವಿತ್ತ ಈ ನಗರಕ್ಕೆ ಏನಾದರೂ ಮಾಡಬೇಕೆಂದು ಪೀಬಾಡಿ ಬಯಸಿದನು. ಕುಡಿಯುವ ನೀರಿನ ಕಾರಂಜಿಗಳನ್ನು ಕಟ್ಟಿಸುವುದೆಂದೂ, ಬಡಮಕ್ಕಳ ಶಾಲೆಗಳಿಗೆ ಕೊಡುವುದೆಂದೂ ಮೊದಲು ಯೋಚಿಸಿದನು. ಬಡವರಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಶುಚಿಯಾದ ಮನೆಯೆಂದು ಲಾರ್ಡ್ ಷ್ಯಾಫ್ಟ್ಸ್‌ಬರಿ ಸಲಹೆಯಿತ್ತನು. 1862ರ ಮಾರ್ಚ್ ತಿಂಗಳಲ್ಲಿ ಪೀಬಾಡಿ 1,50,000 ಪೌಂಡುಗಳ ನಿಧಿಯನ್ನು ಸ್ಥಾಪಿಸಿದನು. ಮುಂದೆ ಮತ್ತಷ್ಟು ಸೇರಿಸಿ, ಉಯಿಲಿನ ಹಣವೂ ಕೂಡಿ ಅದು 5,00,000 ಪೌಂಡಾಯಿತು. ಮತ ಯಾವುದು, ಪಕ್ಷ ಯಾವುದು ಎಂದು ಕೇಳಕೂಡದು. ಲಂಡನ್ನಿನ ಬಡವನಾಗಿರಬೇಕು, ನಡತೆ ಒಳ್ಳೆಯದಾಗಿರಬೇಕು. ಇವೇ ಆತನ ಷರತ್ತುಗಳು.

1864ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ಕಮರ್ಷಿಯಲ್ ಬೀದಿಯಲ್ಲಿ ಮೊದಲ ಕಟ್ಟಡವು ತೆರೆಯಿತು. ಶಿಲ್ಪಿ ಹೆನ್ರಿ ಡಾರ್ಬಿಷೈರ್. ಗಾಳಿ ಬೆಳಕುಗಳಿಗೆ ಎಡೆ, ಬಟ್ಟೆ ಒಗೆಯಲು ಮಹಡಿಯ ಮೇಲೆ ಜಾಗ, ಸ್ನಾನದ ಅನುಕೂಲ ಎಲ್ಲವೂ ಇದ್ದವು. ಮನೆಗಳು ಧರ್ಮಕ್ಕೆ ಕೊಟ್ಟವಲ್ಲ, ಬಾಡಿಗೆಯುಂಟು. ಆ ಬಾಡಿಗೆಯ ಉಳಿತಾಯವೇ ಮುಂದಿನ ಕಟ್ಟಡಕ್ಕೆ ಬಂಡವಾಳ. ಕೊಟ್ಟು ಮುಗಿಯುವ ದಾನವನ್ನು ಕೊಟ್ಟಷ್ಟೂ ಬೆಳೆಯುವ ದಾನವಾಗಿ ಮಾಡಿದುದು ಇದರ ಮರ್ಮ. 1882ರ ವೇಳೆಗೆ ಸುಮಾರು 3,500 ಮನೆಗಳಲ್ಲಿ 14,600ಕ್ಕೂ ಹೆಚ್ಚು ಜನ ವಾಸವಾಗಿದ್ದರು.

ಆದರೆ ಇಲ್ಲಿಯೇ ನಾವು ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ವಾರದ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕು, ಬಾಕಿ ನಿಲ್ಲಿಸಕೂಡದು, ಕೆಲಸ ಕೊಟ್ಟವನಿಂದ ಪತ್ರ ತರಬೇಕು, ಹೊರಗಿನವರ ಬಟ್ಟೆಯನ್ನು ಮನೆಗೆ ತಂದು ಒಗೆಯಕೂಡದು. ಧರ್ಮದರ್ಶಿಗಳ ನಿಯಮಗಳು ಹೀಗಿದ್ದವು. ವ್ಯವಸ್ಥೆಗೆ ಇವು ಬೇಕಾಗಿದ್ದಿರಬಹುದು. ಆದರೆ ಇಂದು ಕೂಲಿ ಸಿಕ್ಕಿ ನಾಳೆ ಸಿಗದ ಬಂದರಿನ ಹಮಾಲಿಯೂ, ನೆರೆಯವರ ಬಟ್ಟೆ ಒಗೆದು ಮಕ್ಕಳನ್ನು ಸಾಕುವ ವಿಧವೆಯೂ ಈ ಬಾಗಿಲನ್ನು ದಾಟುವುದು ಹೇಗೆ? 1875ರ ಶಾಸನದ ಮೇರೆಗೆ ನಗರಾಡಳಿತವು ಕೊಳಕು ಕೇರಿಗಳನ್ನು ಕೆಡವಿ ಆ ನೆಲವನ್ನು ನಿಧಿಗೆ ಅಗ್ಗವಾಗಿ ಮಾರಿದಾಗ, ಅಲ್ಲಿಂದ ಎದ್ದುಹೋದವರಲ್ಲಿ ಬಹುಮಂದಿ ಹೊಸ ಮನೆಗಳಿಗೆ ಹಿಂದಿರುಗಲಾಗಲಿಲ್ಲ. ಬಡವರಿಗೆಂದು ತೆರೆದ ಬಾಗಿಲು ಕಡುಬಡವರಿಗೆ ಮುಚ್ಚಿತ್ತೆಂಬ ಮಾತನ್ನು ಆ ಕಾಲದ ಟೀಕಾಕಾರರೇ ಆಡಿದರು, ಅದು ಸುಳ್ಳಲ್ಲ.

ತನಗೆ ದೊರೆಯದ ವಿದ್ಯೆಯ ಮೇಲೂ ಪೀಬಾಡಿಗೆ ಅಪಾರ ಗೌರವವಿತ್ತು. ಹುಟ್ಟೂರಿಗೆ 1852ರಲ್ಲಿ ಪುಸ್ತಕ ಭಂಡಾರಕ್ಕಾಗಿ ಹಣ ಕೊಟ್ಟನು. 1857ರಲ್ಲಿ ಬಾಲ್ಟಿಮೋರಿನಲ್ಲಿ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದನು. ಆತನು ಓದಿಸಿದ ಸೋದರಳಿಯ ಮಾರ್ಷ್ ಮುಂದೆ ಪಳೆಯುಳಿಕೆಗಳ ಶಾಸ್ತ್ರದಲ್ಲಿ ಹೆಸರಾಂತ ಪ್ರಾಧ್ಯಾಪಕನಾದನು. ಅಂತರ್ಯುದ್ಧದಿಂದ ಹಾಳಾಗಿದ್ದ ಅಮೆರಿಕದ ದಕ್ಷಿಣ ಭಾಗದ ಶಾಲೆಗಳಿಗಾಗಿ 1867ರಲ್ಲಿ ದೊಡ್ಡ ನಿಧಿಯನ್ನಿಟ್ಟನು. ಆ ನಿಧಿಯಿಂದ ನೀಗ್ರೋ ಮಕ್ಕಳ ಶಾಲೆಗಳಿಗೆ ಬಿಳಿಯರ ಶಾಲೆಗಳಿಗಿಂತ ಕಡಮೆ ಸಂದಿತೆಂಬುದನ್ನೂ ಮರೆಯಲಾಗದು.

ವಿಕ್ಟೋರಿಯಾ ರಾಣಿಯ ಸರ್ಕಾರ ನೀಡಬಯಸಿದ ಬಿರುದನ್ನು ಪೀಬಾಡಿ ವಿನಯದಿಂದ ನಿರಾಕರಿಸಿದನು. 1869ರ ನವೆಂಬರ್ 4ರಂದು ಲಂಡನ್ನಿನಲ್ಲಿ ಮಿತ್ರನೊಬ್ಬನ ಮನೆಯಲ್ಲಿ ಆತನು ಕಣ್ಣು ಮುಚ್ಚಿದನು. ಸಾವಿರಾರು ಜನರಿಗೆ ಸೂರು ಕಲ್ಪಿಸಿದವನ ಕೊನೆಯುಸಿರು ಪರರ ಮನೆಯಲ್ಲಿ! ಆತನ ದೇಹವನ್ನು ಕೆಲಕಾಲ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿರಿಸಿ, ಬಳಿಕ ಬ್ರಿಟಿಷ್ ಯುದ್ಧನೌಕೆಯಲ್ಲಿ ತಾಯ್ನಾಡಿಗೆ ಕಳುಹಿಸಿದರು. ಹುಟ್ಟೂರು ಅಷ್ಟರಲ್ಲಿಯೇ ಆತನ ಹೆಸರನ್ನು ತನ್ನದಾಗಿಸಿಕೊಂಡಿತ್ತು.

ಆತನ ನಿಧಿಯು ಇಂದಿಗೂ ಪೀಬಾಡಿ ಎಂಬ ಹೆಸರಿನಿಂದಲೇ ನಡೆಯುತ್ತಿದೆ. ಅದರ ಆಶ್ರಯದಲ್ಲಿ ಈಗ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿವೆ. ಮನೆ ಕೊಟ್ಟರಷ್ಟೇ ಸಾಲದೆಂದು ಅರಿತು, ಆ ಕೇರಿಗಳ ಯುವಕ ಯುವತಿಯರಿಗೆ ಕಸುಬಿನ ತರಬೇತಿ, ಉದ್ಯೋಗಕ್ಕೆ ನೆರವು ಮುಂತಾದುವನ್ನೂ ಅದು ಕೈಗೊಂಡಿದೆ. ಇದೂ ಒಂದು ಬಗೆಯಲ್ಲಿ ಹಳೆಯ ಕೊರತೆಯನ್ನು ತುಂಬುವ ಯತ್ನವೇ.

ನಮ್ಮಲ್ಲಿ ಅನೇಕರು ವಿದ್ಯಾರ್ಥಿವೇತನದ ಬಲದಿಂದಲೇ ಈ ಕಾಲೇಜಿನ ಮೆಟ್ಟಿಲು ಹತ್ತಿದವರು. ಅರ್ಜಿ ತುಂಬಿ, ಪ್ರಮಾಣಪತ್ರ ತಂದು, ಸಾಲಿನಲ್ಲಿ ನಿಂತದ್ದು ನೆನಪಿದೆ. ಆ ಸಾಲಿನವರೆಗೂ ಬರಲಾರದೆ ಊರಿನಲ್ಲಿಯೇ ಉಳಿದ ಗೆಳೆಯರೂ ನೆನಪಿದ್ದಾರೆ. ನಾಳೆ ನಮ್ಮಲ್ಲಿ ಯಾರಾದರೂ ಕೊಡುವ ಸ್ಥಾನದಲ್ಲಿ ಕುಳಿತರೆ, ಪೀಬಾಡಿಯ ಔದಾರ್ಯವನ್ನು ಕಲಿಯೋಣ. ಜೊತೆಗೆ, ನಮ್ಮ ಬಾಗಿಲಿನ ಹೊರಗೆ ಇನ್ನೂ ಯಾರು ನಿಂತಿದ್ದಾರೆಂದು ಒಮ್ಮೆ ಎದ್ದುಹೋಗಿ ನೋಡೋಣ.