ಪರೀಕ್ಷೆಯ ನೋಟ್ಸ್ ಓದಿ ಬೆಳೆದ ರಾಮಾನುಜನ್

ಪರೀಕ್ಷೆ ಹತ್ತಿರ ಬಂತೆಂದರೆ ಪಠ್ಯಪುಸ್ತಕ ಮೂಲೆ ಸೇರುತ್ತದೆ, ನೋಟ್ಸ್ ಕೈಗೆ ಬರುತ್ತದೆ. ಸೀನಿಯರ್‌ಗಳು ಬರೆದಿಟ್ಟದ್ದು, ಟ್ಯೂಷನ್ನಿನಲ್ಲಿ ಕೊಟ್ಟದ್ದು, ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದು - ಹೀಗೆ ಅದರಲ್ಲಿ ಹಲವು ಬಗೆ. ಇಂಥ ನೋಟ್ಸ್ ಓದಿದರೆ ಬುದ್ಧಿ ಬೆಳೆಯುವುದಿಲ್ಲ ಎಂದು ಬೈಯುವವರೂ ಇದ್ದಾರೆ. ಆಗ ಅವರು ಕೊಡುವ ಉದಾಹರಣೆಗಳಲ್ಲಿ ಶ್ರೀನಿವಾಸ ರಾಮಾನುಜನ್ ಅವರದೂ ಒಂದು: ಪರೀಕ್ಷೆಯಲ್ಲಿ ಫೇಲಾದರೂ ಅವರು ಜಗತ್ತೇ ಮೆಚ್ಚುವ ಗಣಿತಜ್ಞರಾದರಲ್ಲ!

ಈ ಕತೆಯಲ್ಲಿ ಅರ್ಧ ಮಾತ್ರ ನಿಜ. ರಾಮಾನುಜನ್ ಫೇಲಾದದ್ದು ಹೌದು. ಆದರೆ ಅವರ ಗಣಿತಕ್ಕೆ ದಾರಿ ತೋರಿಸಿದ ಪುಸ್ತಕ ಪರೀಕ್ಷೆಗೆಂದೇ ತಯಾರಾದ ನೋಟ್ಸ್ ಆಗಿತ್ತು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು; ಮನೆಯಲ್ಲಿ ಹಣಕ್ಕೆ ಸದಾ ಬಿಗಿ. ಶಾಲೆಯಲ್ಲಿ ಹುಡುಗ ಜಾಣ. 1903ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಅವರಿಗೆ ಒಂದು ಇಂಗ್ಲಿಷ್ ಪುಸ್ತಕ ಎರವಲಾಗಿ ಸಿಕ್ಕಿತು. ಅದನ್ನು ಬರೆದವರು ಜಾರ್ಜ್ ಶೂಬ್ರಿಡ್ಜ್ ಕಾರ್.

ಕಾರ್ ದೊಡ್ಡ ಗಣಿತಜ್ಞರೇನಲ್ಲ. ಲಂಡನ್ನಿನಲ್ಲಿ ಮನೆಪಾಠ ಹೇಳುತ್ತಿದ್ದವರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಟ್ರೈಪಾಸ್ ಎಂಬ ಕಠಿಣ ಗಣಿತ ಪರೀಕ್ಷೆ ಇತ್ತು. ಅದಕ್ಕೆ ಕೂರುವವರನ್ನು ತಯಾರು ಮಾಡುವುದು ಅವರ ಕೆಲಸ. ಪಾಠಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಗಳನ್ನೇ ಬೆಳೆಸಿ ಅವರು 1880ರ ದಶಕದಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಸುಮಾರು 5,000 ಸೂತ್ರಗಳೂ ಪ್ರಮೇಯಗಳೂ ಕ್ರಮವಾಗಿ ನಿಂತಿವೆ. ವಿವರಣೆ ಬಹಳ ಕಡಿಮೆ. ಸಾಧನೆ ಹಲವೆಡೆ ಇಲ್ಲವೇ ಇಲ್ಲ, ಇದ್ದರೂ ಒಂದೆರಡು ಸಾಲಿನ ಸುಳಿವು ಅಷ್ಟೇ. ಈಗಿನ ಮಾತಿನಲ್ಲಿ ಹೇಳುವುದಾದರೆ, ದಪ್ಪನೆಯ ಫಾರ್ಮುಲಾ ಗೈಡ್.

ರಾಮಾನುಜನ್ ಅದನ್ನು ಉರು ಹೊಡೆಯಲಿಲ್ಲ. ಪ್ರತಿ ಸೂತ್ರವನ್ನೂ ಒಂದು ಪ್ರಶ್ನೆಯಂತೆ ಎದುರಿಗಿಟ್ಟುಕೊಂಡು, ಇದು ಹೇಗೆ ಬಂತು ಎಂದು ತಾವೇ ಕಂಡುಹಿಡಿಯಲು ಹೊರಟರು.

ಈ ಎರಡು ಓದಿಗೂ ಇರುವ ವ್ಯತ್ಯಾಸಕ್ಕೆ ಒಂದು ಪುಟ್ಟ ಉದಾಹರಣೆ ನೋಡೋಣ. 1ರಿಂದ ಶುರುಮಾಡಿ ಬೆಸಸಂಖ್ಯೆಗಳನ್ನು ಕೂಡುತ್ತಾ ಹೋದರೆ ವರ್ಗಸಂಖ್ಯೆಗಳೇ ಸಿಗುತ್ತವೆ: 1+3=4, 1+3+5=9, 1+3+5+7=16. ಇದನ್ನು ಬಾಯಿಪಾಠ ಮಾಡಿದವರ ಬಳಿ ಇರುವುದು ಒಂದು ಸಾಲು, ಮರೆತರೆ ಅದೂ ಹೋಯಿತು. ಕಾರಣ ಹುಡುಕಿದವರು ಚುಕ್ಕಿಗಳಿಂದ ಒಂದು ಚೌಕ ಬರೆಯುತ್ತಾರೆ. ಅದರ ಒಂದು ಪಕ್ಕಕ್ಕೂ ಕೆಳಗೂ ಒಂದೊಂದು ಸಾಲು ಚುಕ್ಕಿ ಸೇರಿಸಿದರೆ ಮುಂದಿನ ಚೌಕ ಬರುತ್ತದೆ, ಸೇರಿಸಿದ ಚುಕ್ಕಿಗಳ ಸಂಖ್ಯೆ ಪ್ರತಿಸಲವೂ ಮುಂದಿನ ಬೆಸಸಂಖ್ಯೆಯೇ ಆಗಿರುತ್ತದೆ. ಹೀಗೆ ಕಂಡದ್ದನ್ನು ಮರೆಯುವುದು ಕಷ್ಟ. ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ಮನೋವಿಜ್ಞಾನ ಇದಕ್ಕೆ ಪುರಾವೆ ಒದಗಿಸಿದ್ದು ಬಹಳ ತಡವಾಗಿ. ಓದಿ ತಿಳಿದ ಪದಗಳಿಗಿಂತ ತಾವೇ ಯೋಚಿಸಿ ಹೊರತಂದ ಪದಗಳು ಹೆಚ್ಚು ನೆನಪಿರುತ್ತವೆ ಎಂದು ಸ್ಲಾಮೆಕಾ ಮತ್ತು ಗ್ರಾಫ್ 1978ರಲ್ಲಿ ತೋರಿಸಿದರು. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ಬರೆದು ನೋಡಿದವರು ಮುಂದಿದ್ದರು.

ಇತ್ತ ರಾಮಾನುಜನ್‌ಗೆ ಗಣಿತದ ಹುಚ್ಚು ದುಬಾರಿಯಾಯಿತು. 1904ರಲ್ಲಿ ಬಹುಮಾನದೊಂದಿಗೆ ಶಾಲೆ ಮುಗಿಸಿ, ವಿದ್ಯಾರ್ಥಿವೇತನ ಪಡೆದು ಕುಂಭಕೋಣಂ ಕಾಲೇಜಿಗೆ ಸೇರಿದರು. ಬೇರೆ ವಿಷಯಗಳತ್ತ ಗಮನವೇ ಇರಲಿಲ್ಲ, ವಿದ್ಯಾರ್ಥಿವೇತನ ಹೋಯಿತು. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿ, ಹೆಚ್ಚುಕಡಿಮೆ ಈಗಿನ ಪಿಯುಸಿಯಂತಿದ್ದ ಎಫ್.ಎ. ಪರೀಕ್ಷೆಗೆ ಕುಳಿತರು. 1906ರಲ್ಲೂ 1907ರಲ್ಲೂ ಫೇಲಾದರು. ಅವರನ್ನು ಕೆಡವಿದ್ದು ಗಣಿತವಲ್ಲ, ಶರೀರಕ್ರಿಯಾಶಾಸ್ತ್ರದಂಥ ಇತರ ವಿಷಯಗಳು.

ಅಂಕ ಮುಖ್ಯವಲ್ಲ ಎನ್ನುವವರು ಈ ಮುಂದಿನ ವರ್ಷಗಳನ್ನು ಮರೆತುಬಿಡುತ್ತಾರೆ. ಪದವಿ ಇಲ್ಲದ್ದರಿಂದ ಕೆಲಸ ಸಿಗಲಿಲ್ಲ. ಮನೆಪಾಠ, ಪರಿಚಯದವರ ನೆರವು - ಇದರಲ್ಲೇ ದಿನ ದೂಡಬೇಕಾಯಿತು. 1909ರಲ್ಲಿ ಮದುವೆಯೂ ಆಯಿತು. 1912ರ ಮಾರ್ಚಿನಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಾಗ ಅವರಿಗೆ 24 ವರ್ಷ. ಕಾಗದ ದುಬಾರಿಯೆಂದು ಲೆಕ್ಕವನ್ನೆಲ್ಲ ಸ್ಲೇಟಿನ ಮೇಲೆ ಮಾಡಿ, ಮೊಣಕೈಯಿಂದ ಒರೆಸಿ, ಕೊನೆಗೆ ಬಂದ ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅವರ ನೋಟ್‌ಬುಕ್ಕುಗಳೂ ಕಾರ್ ಪುಸ್ತಕದಂತೆಯೇ ಆದವು: ಸೂತ್ರದ ಹಿಂದೆ ಸೂತ್ರ, ಸಾಧನೆ ಇಲ್ಲ.

1913ರ ಜನವರಿಯಲ್ಲಿ ಅವರು ನೂರರಷ್ಟು ಫಲಿತಾಂಶಗಳನ್ನು ಕೇಂಬ್ರಿಡ್ಜಿನ ಜಿ.ಎಚ್. ಹಾರ್ಡಿ ಅವರಿಗೆ ಬರೆದು ಕಳಿಸಿದರು. ಹಾರ್ಡಿಯೂ ಟ್ರೈಪಾಸ್ ಗರಡಿಯಲ್ಲಿ ಪಳಗಿದವರೇ, 1898ರಲ್ಲಿ ನಾಲ್ಕನೇ ರ‍್ಯಾಂಕ್ ಪಡೆದವರು. ಆದರೂ ಆ ಪರೀಕ್ಷೆ ಗಣಿತವನ್ನು ಕೆಡಿಸುತ್ತದೆಂದು ನಂಬಿ ಅದರ ವಿರುದ್ಧ ದನಿಯೆತ್ತಿದ್ದರು. ಅದೇ ಪರೀಕ್ಷೆಯ ಗೈಡ್ ಓದಿ ಬೆಳೆದ ಹುಡುಗನ ಪತ್ರ ಈಗ ಅವರ ಮೇಜಿನ ಮೇಲಿತ್ತು. ಪತ್ರದಲ್ಲಿದ್ದ ಕೆಲವು ಫಲಿತಾಂಶಗಳನ್ನು ಬೇರೆಯವರು ಆಗಲೇ ಕಂಡುಹಿಡಿದಿದ್ದರು. ಅವಿಭಾಜ್ಯ ಸಂಖ್ಯೆಗಳ ಬಗೆಗಿನ ಕೆಲವು ಮಾತು ತಪ್ಪಾಗಿದ್ದವು. ಉಳಿದವುಗಳಲ್ಲಿ ಹಲವು ಹಾರ್ಡಿಯನ್ನೇ ಬೆರಗುಗೊಳಿಸಿದವು.

1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹೋದರು. ಬರೀ ಉತ್ತರ ಸಾಲದು, ಸಾಧನೆಯೂ ಬೇಕು ಎಂಬ ಶಿಸ್ತನ್ನು ಅಲ್ಲಿ ಕಲಿಯಬೇಕಾಯಿತು. ಎಫ್.ಎ. ದಾಟದವರಿಗೆ 1916ರಲ್ಲಿ ಸಂಶೋಧನೆಯ ಆಧಾರದ ಮೇಲೆ ಕೇಂಬ್ರಿಡ್ಜ್ ಪದವಿ ಸಿಕ್ಕಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಆರೋಗ್ಯ ಕೈಕೊಟ್ಟಿತ್ತು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಅವರು ಬಿಟ್ಟುಹೋದ ನೋಟ್‌ಬುಕ್ಕುಗಳಲ್ಲಿ 3,000ಕ್ಕೂ ಹೆಚ್ಚು ಫಲಿತಾಂಶಗಳಿದ್ದವು. ಅವುಗಳಿಗೆ ಒಂದೊಂದಾಗಿ ಸಾಧನೆ ಹುಡುಕಿ ಬ್ರೂಸ್ ಬರ್ಂಟ್ 1985ರಿಂದ 1998ರವರೆಗೆ ಐದು ಸಂಪುಟಗಳನ್ನು ಹೊರತಂದರು. ಕಾರ್ ನೋಟ್ಸಿಗೆ ರಾಮಾನುಜನ್ ಮಾಡಿದ್ದನ್ನೇ ರಾಮಾನುಜನ್ ನೋಟ್ಸಿಗೆ ಮುಂದಿನವರು ಮಾಡಿದರು.

ಹಾಗಾಗಿ ನೋಟ್ಸ್ ಓದುವುದೇ ತಪ್ಪು ಎನ್ನಬೇಕಿಲ್ಲ, ರಾಮಾನುಜನ್ ಹೆಸರು ಹೇಳಿ ಉಳಿದ ವಿಷಯಗಳನ್ನು ಕೈಬಿಡಲೂಬೇಡಿ. ನೋಟ್ಸಿನ ಒಂದು ಪುಟ ಓದಿ, ಮುಚ್ಚಿಡಿ. ಅಲ್ಲಿದ್ದದ್ದನ್ನು ಖಾಲಿ ಹಾಳೆಯ ಮೇಲೆ ಕಾರಣಸಮೇತ ಬರೆದು ನೋಡಿ. ಎಲ್ಲಿ ಪೆನ್ನು ನಿಲ್ಲುತ್ತದೋ, ಅಲ್ಲಿಂದ ಓದು ಶುರುಮಾಡಿ.